ಓದುಗರ ಕಟ್ಟೆ: ನೌಕಾಪಡೆಗೆ ನೆಲ ಹೋದದ್ದು ಹೇಗೆ?

ವಸಾಹತು ಕಾಲದಲ್ಲಿ ಸರ್ಕಾರ ಮತ್ತು ನೌಕಾಪಡೆ ತಮ್ಮೊಳಗೆ ಜಮೀನು ಹೇಗೆ ಹಸ್ತಾಂತರಿಸಿಕೊಳ್ಳುತ್ತಿದ್ದವು ಎಂದು ಕೇಳಿ ಕಾರವಾರ, ಅಂಕೋಲಾ ಮತ್ತು ಘಟ್ಟದ ಮೇಲಿನ ಊರುಗಳಿಂದ ಪತ್ರಗಳು ಬಂದಿವೆ. ಸೀಬರ್ಡ್ ನೌಕಾನೆಲೆಗೆ ಮನೆ, ಗದ್ದೆ ಬಿಟ್ಟುಕೊಟ್ಟ ಊರುಗಳವರಿಗೆ ಈ ವಿಷಯ ಬರೀ ಚರಿತ್ರೆಯಲ್ಲ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಸರ್ಕಾರವೂ ಬ್ರಿಟಿಷರದ್ದೇ, ನೌಕಾಪಡೆಯೂ ಬ್ರಿಟಿಷರದ್ದೇ. ಒಬ್ಬರಿಂದ ಒಬ್ಬರು ಜಮೀನು ಪಡೆಯಲು ವರ್ಷಗಟ್ಟಲೆ ಪತ್ರವ್ಯವಹಾರ ಯಾಕೆ ಬೇಕಾಗಿತ್ತು? (ಓದುಗರು, ಕೋಡಿಬಾಗ)

ಒಡೆತನ ರಾಜನ ಹೆಸರಲ್ಲಿದ್ದರೂ ತಿಜೋರಿಗಳು ಬೇರೆ ಬೇರೆ. ವಸಾಹತಿನ ಖಜಾನೆ ತುಂಬುತ್ತಿದ್ದದ್ದು ಅಲ್ಲಿಯ ಸುಂಕ, ಭೂಕಂದಾಯ, ಬಂದರು ಶುಲ್ಕದಿಂದ. ಅದಕ್ಕೆ ಗವರ್ನರ್ ಹೊಣೆ, ಅವರ ಮೇಲೆ ಲಂಡನ್ನಿನ ವಸಾಹತು ಕಚೇರಿ. ನೌಕಾಪಡೆಯ ಆಡಳಿತವಾದ ಅಡ್ಮಿರಾಲ್ಟಿಗೆ ಬರುತ್ತಿದ್ದ ಹಣ ಬ್ರಿಟಿಷ್ ಪಾರ್ಲಿಮೆಂಟು ವರ್ಷವರ್ಷ ಮಂಜೂರು ಮಾಡುವ ನೌಕಾ ಅನುದಾನ. ಬಂದರಿನ ಆಯಕಟ್ಟಿನ ಜಾಗ ನೌಕಾಪಡೆಗೆ ಹೋದರೆ ವಸಾಹತಿಗೆ ಬಾಡಿಗೆ, ಸುಂಕ, ಮುಂದಿನ ಬೆಳವಣಿಗೆ ಮೂರೂ ಖೋತಾ. ಹಾಗಾಗಿ ಗವರ್ನರ್ ಕೇಳುತ್ತಿದ್ದ ಮೊದಲ ಪ್ರಶ್ನೆ: ಬದಲಿಗೆ ನಮಗೇನು? ಇವರಿಬ್ಬರ ನಡುವೆ ಮೂರನೆಯವರೊಬ್ಬರೂ ಇದ್ದರು. ಬಂದರು ಕಾಯುವ ಕೋಟೆ, ಫಿರಂಗಿಗಳು ಸೇನಾ ಇಲಾಖೆಯವು. ಅವರ ಒಪ್ಪಿಗೆಯಿಲ್ಲದೆ ಗುಡ್ಡದ ತಲೆ ಮುಟ್ಟುವಂತಿರಲಿಲ್ಲ.

ಭಾರತದ ಕಥೆ ಸ್ವಲ್ಪ ಬೇರೆ. ಮುಂಬೈ ಡಾಕ್‌ಯಾರ್ಡ್ ಈಸ್ಟ್ ಇಂಡಿಯಾ ಕಂಪನಿಯ ಆಸ್ತಿಯಾಗಿತ್ತು, ಆಮೇಲೆ ಭಾರತ ಸರ್ಕಾರದ್ದಾಯಿತು. ಇಲ್ಲಿಯ ನೌಕಾಪಡೆಯ ಹೆಸರು, ದರ್ಜೆ ಮತ್ತೆಮತ್ತೆ ಬದಲಾದವು: 1863ರಲ್ಲಿ ಇಂಡಿಯನ್ ನೇವಿ ರದ್ದಾಗಿ ಕೆಳದರ್ಜೆಯ ಮರೀನ್ ಆಯಿತು, 1892ರಲ್ಲಿ ರಾಯಲ್ ಇಂಡಿಯನ್ ಮರೀನ್, 1934ರಲ್ಲಿ ರಾಯಲ್ ಇಂಡಿಯನ್ ನೇವಿ. ಜಮೀನಿನ ಮಾತುಕತೆ ಇಲ್ಲಿ ಮುಖ್ಯವಾಗಿ ಪ್ರಾಂತ ಮತ್ತು ಕೇಂದ್ರದ ನಡುವಿನದು. ಅದಕ್ಕೆ ಸ್ಪಷ್ಟ ಕಾನೂನು ಬಂದದ್ದು 1935ರ ಭಾರತ ಸರ್ಕಾರ ಕಾಯ್ದೆಯ 127ನೇ ಕಲಮಿನಲ್ಲಿ. ಜಮೀನು ಖಾಸಗಿಯವರದ್ದಾದರೆ ಕೇಂದ್ರದ ಖರ್ಚಿನಲ್ಲಿ ಪ್ರಾಂತ ಅದನ್ನು ಸ್ವಾಧೀನ ಮಾಡಿಕೊಡಬೇಕು. ಪ್ರಾಂತದ್ದೇ ಆದರೆ ಇಬ್ಬರೂ ಒಪ್ಪಿದ ಷರತ್ತಿನ ಮೇಲೆ ವರ್ಗಾಯಿಸಬೇಕು. ಒಪ್ಪಿಗೆ ಕುದುರದಿದ್ದರೆ ಭಾರತದ ಮುಖ್ಯ ನ್ಯಾಯಾಧೀಶರು ನೇಮಿಸಿದ ಪಂಚರು ಷರತ್ತು ನಿಗದಿ ಮಾಡಬೇಕು. ಕೊಡುವುದಿಲ್ಲ ಎನ್ನುವ ಆಯ್ಕೆ ಪ್ರಾಂತಕ್ಕೆ ಇರಲಿಲ್ಲ, ಯಾವ ಷರತ್ತಿಗೆ ಎಂಬಷ್ಟೇ ಚರ್ಚೆ. ಆ ಕಾರಣಕ್ಕೇ ಷರತ್ತಿನ ಪಟ್ಟಿಯನ್ನು ಗಮನವಿಟ್ಟು ಓದಬೇಕು.

ಇಂಥ ಹಸ್ತಾಂತರ ಯಾವ ಯಾವ ಹಂತ ದಾಟುತ್ತಿತ್ತು? ಒಂದು ಉದಾಹರಣೆ ಹಿಡಿದು ಹೇಳಬಹುದೇ? (ಸಂಶೋಧನಾ ವಿದ್ಯಾರ್ಥಿನಿ, ಅಂಕೋಲಾ)

ಸಿಂಗಪುರದ ಸೆಂಬವಾಂಗ್ ನೌಕಾನೆಲೆಯನ್ನು ತೆಗೆದುಕೊಳ್ಳಿ. ದ್ವೀಪದ ಉತ್ತರದ ದಡದಲ್ಲಿ, ರಬ್ಬರ್ ತೋಟಗಳಿದ್ದ ಕಡೆ ನೆಲೆ ಕಟ್ಟುವುದೆಂದು ಲಂಡನ್ ನಿರ್ಧರಿಸಿತು. ಸಿಂಗಪುರ ಸೇರಿದ್ದ ಸ್ಟ್ರೈಟ್ಸ್ ಸೆಟ್ಲ್‌ಮೆಂಟ್ಸ್ ವಸಾಹತಿನ ಸರ್ಕಾರ 1923ರಲ್ಲಿ 2,845 ಎಕರೆಯನ್ನು 1,46,000 ಪೌಂಡ್ ಖರ್ಚಿನಲ್ಲಿ ಅಡ್ಮಿರಾಲ್ಟಿಗೆ ಉಚಿತವಾಗಿ ಕೊಟ್ಟಿತು. ಲೆಕ್ಕ ಹಾಕಿದರೆ ಎಕರೆಗೆ ಸುಮಾರು 51 ಪೌಂಡ್. ದಾನವೆಂದು ಬರೆದಿದ್ದರೂ ಅದರ ಹಿಂದೆ ಲೆಕ್ಕಾಚಾರವಿತ್ತು. ನೆಲೆ ಬಂದರೆ ರಕ್ಷಣೆಯೂ ಬರುತ್ತದೆ, ಕಟ್ಟುವ ಹಣ ಹೊರಗಿನಿಂದ ಬಂದು ಊರಲ್ಲಿ ಖರ್ಚಾಗುತ್ತದೆ. ಅಕ್ಕಪಕ್ಕದವರೂ ಕೈಜೋಡಿಸಿದರು: ಹಾಂಗ್‌ಕಾಂಗ್ 2,50,000 ಪೌಂಡ್, ಫೆಡರೇಟೆಡ್ ಮಲಯ ರಾಜ್ಯಗಳು 20 ಲಕ್ಷ ಪೌಂಡ್. ನೆಲೆಯ ದೊಡ್ಡ ಡಾಕ್ ತೆರೆದದ್ದು 1938ರ ಫೆಬ್ರುವರಿ 14ರಂದು. ನೆಲ ಕೈಗೆ ಬಂದು 15 ವರ್ಷದ ಮೇಲೆ!

ಹಂತಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ನೌಕಾಪಡೆ ಎಷ್ಟು ನೆಲ, ಎಷ್ಟು ಆಳದ ನೀರು ಬೇಕೆಂದು ಬರೆಯುತ್ತದೆ. ಗವರ್ನರ್ ಅದನ್ನು ಸರ್ವೆ ಇಲಾಖೆಗೂ ಲೋಕೋಪಯೋಗಿ ಇಲಾಖೆಗೂ ಕಳಿಸುತ್ತಾರೆ. ಕೇಳಿದ ಜಾಗದಲ್ಲಿ ಸರ್ಕಾರಿ ನೆಲ ಎಷ್ಟು, ಗೇಣಿಗೆ ಕೊಟ್ಟದ್ದೆಷ್ಟು, ಖಾಸಗಿ ಎಷ್ಟು ಎಂದು ಬೇರೆ ಮಾಡಿ ನಕ್ಷೆಗೆ ಬಣ್ಣ ಹಚ್ಚುತ್ತಾರೆ. ಮೌಲ್ಯ ಕಟ್ಟುವವರು ಎರಡೂ ಕಡೆಯಿಂದ. ಖಾಸಗಿ ಜಮೀನನ್ನು ಕಾನೂನು ಪ್ರಕಾರ ಸ್ವಾಧೀನ ಮಾಡುವ ಕೆಲಸ ಯಾವಾಗಲೂ ಸ್ಥಳೀಯ ಸರ್ಕಾರದ್ದೇ; ನೌಕಾಪಡೆ ರೈತರ ಮನೆ ಬಾಗಿಲಿಗೆ ಬರುವುದಿಲ್ಲ. ಆಮೇಲೆ ಶಾಸನ ಪರಿಷತ್ತಿನಲ್ಲಿ ಹಣದ ಮಂಜೂರಾತಿ, ಕೊನೆಗೆ ಸಹಿ ಬಿದ್ದ ನಕ್ಷೆಯೊಂದಿಗೆ ಹಸ್ತಾಂತರ ಪತ್ರ.

ಎಡವಟ್ಟಾಗುವುದು ಹೆಚ್ಚಾಗಿ ಮಧ್ಯದಲ್ಲಿ. ಸುದ್ದಿ ಹೊರಬಿದ್ದೊಡನೆ ಜಮೀನಿನ ದರ ಏರುತ್ತದೆ. ಆದ್ದರಿಂದಲೇ ಪರಿಹಾರಕ್ಕೆ ಆಧಾರವಾದ ದಿನಾಂಕವನ್ನು ಕಾನೂನು ಪ್ರಾಥಮಿಕ ಅಧಿಸೂಚನೆಯ ದಿನಕ್ಕೆ ಕಟ್ಟಿಹಾಕಿತು. ಇದರಿಂದ ಸರ್ಕಾರಕ್ಕೆ ರಕ್ಷಣೆ ಸಿಕ್ಕಿತು. ಆದರೆ ಅಧಿಸೂಚನೆಗೂ ಹಣ ಕೈಸೇರುವುದಕ್ಕೂ ವರ್ಷಗಳ ಅಂತರ ಬಿದ್ದಾಗ ಏಟು ತಿಂದವರು ರೈತರು. ಎರಡನೆಯದು, ಸ್ವಾಧೀನದ ಪತ್ರ ಮುಗಿಯುವ ಮೊದಲೇ ಕೆಲಸ ಶುರು ಮಾಡಲು ‘ಮುಂಗಡ ಸ್ವಾಧೀನ’ ಪಡೆಯುವುದು. ನೆಲ ಹೋದ ಮೇಲೆ ಚೌಕಾಸಿಯ ಶಕ್ತಿಯೂ ಹೋಗುತ್ತದೆ. ಷರತ್ತುಗಳನ್ನು ‘ಆಮೇಲೆ ನೋಡೋಣ’ ಎಂದು ಬಿಟ್ಟ ಕಡತಗಳು ಇಪ್ಪತ್ತು ಮೂವತ್ತು ವರ್ಷ ತೆರೆದೇ ಇರುತ್ತವೆ.

ಮುಂಬೈಯ ಹಸ್ತಾಂತರಕ್ಕೂ ನಮ್ಮ ಅಂಜುದೀವಿಗೂ ನಂಟಿದೆಯಂತೆ. ನಿಜವೇ? (ನಿವೃತ್ತ ಶಿಕ್ಷಕರು, ಶಿರಸಿ)

ನಿಜ. ಹಸ್ತಾಂತರ ಪತ್ರ ಸಡಿಲವಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಟುವಾದ ಉದಾಹರಣೆ ನಮ್ಮ ಕರಾವಳಿಯಲ್ಲಿಲ್ಲ. 1661ರ ಮದುವೆ ಒಪ್ಪಂದದಲ್ಲಿ ಪೋರ್ಚುಗಲ್ ಮುಂಬೈಯನ್ನು ಇಂಗ್ಲೆಂಡಿನ ಎರಡನೇ ಚಾರ್ಲ್ಸನಿಗೆ ಬಿಟ್ಟುಕೊಟ್ಟಿತು. 1662ರಲ್ಲಿ ಅರ್ಲ್ ಆಫ್ ಮಾರ್ಲ್‌ಬರೊ ನೇತೃತ್ವದ ಹಡಗುಗಳು ಬಂದವು. ನೆಲ ವಹಿಸಿಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ಜೊತೆ ಸುಮಾರು 400 ಸೈನಿಕರು. ಗೋವಾದ ಪೋರ್ಚುಗೀಸ್ ವೈಸರಾಯ್ ಎರಡು ತಕರಾರು ತೆಗೆದ. ಒಂದು, ಶಿಪ್‌ಮನ್ ತಂದ ಅಧಿಕಾರ ಪತ್ರದ ನಮೂನೆ ಸರಿಯಿಲ್ಲ. ಇನ್ನೊಂದು, ಕೊಟ್ಟದ್ದು ಮುಂಬೈ ದ್ವೀಪ ಮಾತ್ರ. ಇಂಗ್ಲಿಷರು ಕೇಳುತ್ತಿರುವ, ಮುಂಬೈ ಪಕ್ಕದ ಸಾಷ್ಟಿ ದ್ವೀಪ ಮೊದಲಾದ ಜಾಗ ಅದರಲ್ಲಿ ಸೇರಿಲ್ಲ.

ಹಡಗುಗಳು ತಿರುಗಿ ಹೋದವು, ಸೈನಿಕರು ಮಾತ್ರ ಕಾರವಾರದ ಎದುರಿನ ಅಂಜುದೀವಿನಲ್ಲಿ ಉಳಿದರು. ರೋಗದಿಂದ ಒಬ್ಬೊಬ್ಬರಾಗಿ ಸತ್ತರು. 1664ರಲ್ಲಿ ಶಿಪ್‌ಮನ್ ಕೂಡ ಅಲ್ಲೇ ತೀರಿಕೊಂಡ. 1665ರ ಫೆಬ್ರುವರಿಯಲ್ಲಿ ಅವನ ಕಾರ್ಯದರ್ಶಿ ಹಂಫ್ರಿ ಕುಕ್ ಮುಂಬೈ ವಹಿಸಿಕೊಳ್ಳುವಾಗ ಉಳಿದಿದ್ದವರು ನೂರರ ಆಸುಪಾಸು. ನಿತ್ರಾಣಗೊಂಡಿದ್ದ ಕುಕ್ ವೈಸರಾಯ್ ಹೇಳಿದ ಷರತ್ತಿಗೇ ಸಹಿ ಹಾಕಿದ, ಉಳಿದ ದ್ವೀಪಗಳ ಹಕ್ಕು ಬಿಟ್ಟುಕೊಟ್ಟ. ಆ ಸಹಿಯನ್ನು ಇಂಗ್ಲೆಂಡ್ ಆಮೇಲೆ ಒಪ್ಪದಿದ್ದರೂ ಸಾಷ್ಟಿ ಆಗ ಕೈಗೆ ಬರಲಿಲ್ಲ. 1668ರಲ್ಲಿ ರಾಜ ಅದೇ ಮುಂಬೈಯನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಕಂಪನಿಗೆ ದಾಟಿಸಿದ.

ಅಂಜುದೀವು ಪೋರ್ಚುಗೀಸರ ಬಳಿಯೇ ಇತ್ತು. 1961ರ ಡಿಸೆಂಬರ್ 18ರಂದು ಐಎನ್ಎಸ್ ತ್ರಿಶೂಲ್‌ನಿಂದ ಇಳಿದ ನಮ್ಮ ನೌಕಾಪಡೆಯವರು ಅದನ್ನು ಬಿಡಿಸಿಕೊಳ್ಳುವಾಗ 7 ಮಂದಿ ಪ್ರಾಣ ಕೊಟ್ಟರು. ಇವತ್ತಿಗೂ ದ್ವೀಪ ಕಂದಾಯ ಲೆಕ್ಕದಲ್ಲಿ ಗೋವಾದ ಕಾಣಕೋಣ ತಾಲೂಕಿನದು, ಎದುರಿನ ದಡ ಕರ್ನಾಟಕದ್ದು. ಆ ಭಾಗದ ಕಾಗದ ಹುಡುಕುವವರು ಎರಡೂ ರಾಜ್ಯಗಳ ದಾಖಲೆ ನೋಡಬೇಕು.

ಸಮುದ್ರದ ಕಡೆ ಗಡಿಕಲ್ಲು ಎಲ್ಲಿ ನಿಲ್ಲುತ್ತದೆ? ಪಹಣಿಯ ಕ್ಷೇತ್ರಕ್ಕೂ ನೌಕಾಪಡೆಯ ನಕ್ಷೆಗೂ ತಾಳೆಯಾಗುವುದಿಲ್ಲವಲ್ಲ? (ಓದುಗರು, ಹಾರವಾಡ)

ತಾಳೆಯಾಗದಿರಲು ಕಾರಣವಿದೆ. ಕಂದಾಯ ಸರ್ವೆ ಸಾಗುವಳಿ ಎಲ್ಲಿಗೆ ಮುಗಿಯಿತೋ ಅಲ್ಲಿಗೆ ನಿಲ್ಲುತ್ತದೆ. ನೌಕಾ ನಕ್ಷೆಯಲ್ಲಿ ದಡದ ಗೆರೆ ಎಂದರೆ ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರದ ಸರಾಸರಿ ಮಟ್ಟ. ಆಳ ಅಳೆಯುವುದು ಮಾತ್ರ ತೀರಾ ಇಳಿತದ ಮಟ್ಟದಿಂದ. ಎರಡರ ನಡುವೆ ದಿನಕ್ಕೆ ಎರಡು ಸಲ ಮುಳುಗಿ ಏಳುವ ಉಸುಕಿನ ಪಟ್ಟಿಯಿದೆ. ಲೆಕ್ಕ ನೋಡಿ: ದಡದ ಇಳಿಜಾರು 30ಕ್ಕೆ 1 ಇದ್ದು, ಎರಡು ಮಟ್ಟಗಳ ನಡುವೆ ಒಂದೂವರೆ ಮೀಟರ್ ಅಂತರವಿದ್ದರೆ ಪಟ್ಟಿಯ ಅಗಲ 45 ಮೀಟರ್. ಒಂದು ಕಿಲೋಮೀಟರ್ ಉದ್ದಕ್ಕೆ 45,000 ಚದರ ಮೀಟರ್, ಅಂದರೆ ಸುಮಾರು 11 ಎಕರೆ 5 ಗುಂಟೆ. ಹಸ್ತಾಂತರ ಪತ್ರದಲ್ಲಿ ‘ಸಮುದ್ರದವರೆಗೆ’ ಎಂದಷ್ಟೇ ಬರೆದರೆ ಈ 11 ಎಕರೆ ಯಾರದು?

ಬಾಂಬೆ ಪ್ರಾಂತದಲ್ಲಿ ಇದಕ್ಕೆ ಉತ್ತರ 1879ರ ಭೂಕಂದಾಯ ಸಂಹಿತೆಯ 37ನೇ ಕಲಂ: ಯಾರ ಆಸ್ತಿಯೂ ಅಲ್ಲದ ನೆಲ, ಸಮುದ್ರದ ದಂಡೆ ಸಹಿತ, ಸರ್ಕಾರದ್ದು. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಬಾಂಬೆಗೆ ಸೇರಿದ್ದರಿಂದ ಇಲ್ಲಿಗೂ ಅದೇ ಕಾನೂನು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಅದೇ ಮಾತನ್ನು ಮುಂದುವರಿಸಿದೆ. ಸಂವಿಧಾನದ 297ನೇ ವಿಧಿ ಪ್ರಾದೇಶಿಕ ಸಮುದ್ರದ ತಳದಲ್ಲಿರುವ ಸಂಪತ್ತನ್ನು ಕೇಂದ್ರಕ್ಕೆ ವಹಿಸಿದೆ. ಹೀಗೆ ಒಂದೇ ದಂಡೆಯಲ್ಲಿ ರೈತರ ಪಹಣಿ, ರಾಜ್ಯದ ಉಸುಕು, ಕೇಂದ್ರದ ನೀರು ಮೂರೂ ಒತ್ತಾಗಿವೆ.

ಹಳೆಯ ನಕ್ಷೆ ಓದುವವರಿಗೆ ಅಳತೆಯ ಮಾತು: ಬಾಂಬೆ ಪದ್ಧತಿಯ ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಸರಪಳಿ ಚದರ ಒಂದು ಗುಂಟೆ, 1,089 ಚದರ ಅಡಿ; 40 ಗುಂಟೆಗೆ ಎಕರೆ. ಮದ್ರಾಸ್ ಕಾಲದ ಕಾಗದಗಳನ್ನು ಈ ಲೆಕ್ಕದಲ್ಲಿ ಓದಬೇಡಿ. ಅಲ್ಲಿ ಸರಪಳಿ 66 ಅಡಿಯದು, ಉದ್ದ ನೇರವಾಗಿ ದುಪ್ಪಟ್ಟು ತಪ್ಪುತ್ತದೆ. ಗಜನಿ ಗದ್ದೆಗಳಲ್ಲಿ (ಉಪ್ಪುನೀರಿನ ಪಕ್ಕದ ತಗ್ಗು ಗದ್ದೆ) ಇನ್ನೊಂದು ಎಚ್ಚರ: ಒಡ್ಡು ಒಡೆದು ಉಪ್ಪುನೀರು ನಿಂತ ವರ್ಷ ಅಳತೆ ನಡೆದಿದ್ದರೆ ಗದ್ದೆಯನ್ನು ‘ಖರಾಬು’ (ಸಾಗುವಳಿಗೆ ಬಾರದ ನೆಲ) ಎಂದು ಬರೆದಿರುವ ಸಾಧ್ಯತೆ ಇದೆ. ಖರಾಬು ಎಂದಾದರೆ ಪರಿಹಾರಕ್ಕೆ ತಕರಾರು ಬರಬಹುದು. ಆಕಾರಬಂದ್ (ಕ್ಷೇತ್ರ, ಕಂದಾಯದ ಪಟ್ಟಿ), ಟಿಪ್ಪಣಿ (ಸರ್ವೆಯ ಮೂಲ ಅಳತೆ ದಾಖಲೆ) ಎರಡನ್ನೂ ತೆಗೆಸಿ ಹೋಲಿಸಿ ನೋಡಿ.

ಜಮೀನಿಗೆ ದುಡ್ಡು ಕೊಟ್ಟರು, ಬಲೆ ಎಳೆಯುವ ದಂಡೆಗೆ? (ಮೀನುಗಾರ ಸಂಘದ ಸದಸ್ಯರು, ಬೈತಖೋಲ)

ಅತಿ ಮುಖ್ಯವಾದ ಪ್ರಶ್ನೆ. ಕಡತಗಳಲ್ಲಿ ಇದಕ್ಕೆ ಸಿಗುವ ಜಾಗ ಅತಿ ಕಡಿಮೆ. ಹಳೆಯ ಭೂಸ್ವಾಧೀನದ ಕಾನೂನು ನೋಡುತ್ತಿದ್ದದ್ದು ಹೆಸರು ಬರೆದ ಹಕ್ಕನ್ನು. ರಂಪಣಿ (ದಡಕ್ಕೆ ಎಳೆಯುವ ದೊಡ್ಡ ಬಲೆ) ಎಳೆಯುವ ಉಸುಕು, ಮೀನು ಒಣಗಿಸುವ ಜಾಗ, ದೋಣಿ ಮೇಲೆಳೆಯುವ ಹಾದಿ, ದೇವಸ್ಥಾನಕ್ಕೆ ಹೋಗುವ ಕಾಲುದಾರಿ ಯಾರ ಪಹಣಿಯಲ್ಲೂ ಇರುವುದಿಲ್ಲ. 1894ರ ಭೂಸ್ವಾಧೀನ ಕಾಯ್ದೆಯ 16ನೇ ಕಲಂ ಪ್ರಕಾರ ಸ್ವಾಧೀನವಾದ ನೆಲ ಎಲ್ಲ ಋಣಭಾರದಿಂದ ಮುಕ್ತವಾಗಿ ಸರ್ಕಾರಕ್ಕೆ ಸೇರುತ್ತಿತ್ತು. ಅಂದರೆ ಬರೆಯದೇ ಬಿಟ್ಟದ್ದು ಅಳಿಸಿಹೋಗುತ್ತಿತ್ತು.

ಇದಕ್ಕೆ ದಾರಿ ಇರಲಿಲ್ಲವೆಂದಲ್ಲ. ಮಾಲ್ಟಾದಲ್ಲಿ ಅಡ್ಮಿರಾಲ್ಟಿಗೆ ಹೊಸ ಡಾಕ್ ಕಟ್ಟಲು ಫ್ರೆಂಚ್ ಕ್ರೀಕ್ ಎಂಬ ಕೊಲ್ಲಿ ಬೇಕಾಯಿತು. ಅಲ್ಲಿ ವ್ಯಾಪಾರಿ ಹಡಗುಗಳು ನಿಲ್ಲುತ್ತಿದ್ದವು. ಬಂದರಿನ ಒಳತುದಿಯ ಮಾರ್ಸಾದಲ್ಲಿ ಹೂಳು ತೆಗೆದು ವ್ಯಾಪಾರಿಗಳಿಗೆ ಬದಲಿ ನೆಲೆ ಮಾಡುವುದು ಆ ಮಾತುಕತೆಯ ಭಾಗವಾಯಿತು. ಫ್ರೆಂಚ್ ಕ್ರೀಕಿನ ಸಾಮರ್‌ಸೆಟ್ ಡಾಕ್ 1871ರಲ್ಲಿ ತೆರೆಯಿತು. ಅಲ್ಲಿ ವರ್ತಕರಿಗೆ ದನಿಯಿತ್ತು, ಅದಕ್ಕೇ ಬದಲಿ ಸಿಕ್ಕಿತು. ಬಲೆಯವರಿಗೂ ಅದೇ ನ್ಯಾಯ ಸಿಗಬೇಕು, ಇದರಲ್ಲಿ ನಮಗೆ ಎರಡು ಅಭಿಪ್ರಾಯವಿಲ್ಲ.

ಮುಂದೆ ಯಾವುದೇ ವಿಸ್ತರಣೆಯ ಅಧಿಸೂಚನೆ ಬಂದರೆ ಆಕ್ಷೇಪಣೆಯ ಅವಧಿಯೊಳಗೇ ದಂಡೆಯ ಬಳಕೆಯನ್ನು ನಕ್ಷೆ ಸಮೇತ ಬರೆದು ಕೊಡಿ. ಯಾವ ತಿಂಗಳು, ಯಾವ ಬಲೆ, ಎಷ್ಟು ದೋಣಿ, ದಂಡೆಯ ಎಷ್ಟು ಉದ್ದ ಎಂದು ನಮೂದಿಸಿ. ಪಂಚಾಯತಿಯ ಠರಾವು, ಮೀನುಗಾರಿಕೆ ಇಲಾಖೆಯ ದೋಣಿ ನೋಂದಣಿ ಪ್ರತಿ ಜೊತೆಗಿರಲಿ, ಸ್ವೀಕೃತಿ ಮುದ್ರೆ ತಪ್ಪಬಾರದು. ‘ನಮಗೆ ಅನ್ಯಾಯವಾಗಿದೆ’ ಎಂಬ ಒಂದು ಸಾಲಿನ ಮನವಿ ಕಡತದಲ್ಲಿ ಕೂರುತ್ತದೆ, ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ನೌಕಾಪಡೆ ಬಿಟ್ಟುಹೋದ ಮೇಲೆ ನೆಲ ಯಾರಿಗೆ? (ಓದುಗರು, ಕುಮಟಾ)

ಕೊಡುವಾಗಿನ ಕಾಗದ ಏನು ಹೇಳುತ್ತದೋ ಹಾಗೆ. ಕೆನಡಾದ ಹ್ಯಾಲಿಫ್ಯಾಕ್ಸ್ ಮತ್ತು ಎಸ್ಕ್ವಿಮಾಲ್ಟ್ ನೆಲೆಗಳು 1910ರಲ್ಲಿ ಕೆನಡಾಕ್ಕೆ ಬಂದವು, ಬ್ರಿಟಿಷ್ ಹಡಗುಗಳಿಗೆ ಸೌಲಭ್ಯ ಮುಂದುವರಿಸಬೇಕೆಂಬ ಷರತ್ತಿನೊಂದಿಗೆ. ದಕ್ಷಿಣ ಆಫ್ರಿಕದ ಸೈಮನ್ಸ್‌ಟೌನ್ 1955ರ ಒಪ್ಪಂದದಂತೆ 1957ರ ಏಪ್ರಿಲ್‌ನಲ್ಲಿ ಕೈಬದಲಾಯಿತು, ಅಲ್ಲೂ ಬಳಕೆಯ ಹಕ್ಕು ಉಳಿಸಿಕೊಂಡರು. ಸಿಂಹಳದ ತ್ರಿಂಕೋಮಲಿ ಮರಳಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಸೆಂಬವಾಂಗ್ ಡಾಕ್‌ಯಾರ್ಡನ್ನು 1968ರಲ್ಲಿ ಸಿಂಗಪುರ ಸರ್ಕಾರಕ್ಕೆ ಒಂದು ಡಾಲರಿನ ಸಾಂಕೇತಿಕ ಬೆಲೆಗೆ ಕೊಟ್ಟರು.

ಜಟಿಲವಾದದ್ದು ಸಿಡ್ನಿಯ ಗಾರ್ಡನ್ ದ್ವೀಪ. 1856ರಲ್ಲಿ ನ್ಯೂ ಸೌತ್ ವೇಲ್ಸ್ ವಸಾಹತು ಅದನ್ನು ಬ್ರಿಟಿಷ್ ನೌಕಾಪಡೆಯ ಡಿಪೋಗೆ ಬಿಟ್ಟುಕೊಟ್ಟಿತ್ತು. 1913ರಲ್ಲಿ ಅದು ಆಸ್ಟ್ರೇಲಿಯಾದ ಹೊಸ ನೌಕಾಪಡೆಯ ವಶಕ್ಕೆ ಬಂದಾಗ, ಬ್ರಿಟಿಷರಿಗೆ ಕೊಟ್ಟದ್ದು ಕೇಂದ್ರಕ್ಕೆ ತಾನಾಗಿ ಸೇರುತ್ತದೆಯೇ ಎಂಬ ವ್ಯಾಜ್ಯ ಹುಟ್ಟಿ ದಶಕಗಟ್ಟಲೆ ಎಳೆಯಿತು. 1945ರಲ್ಲಿ ಕೇಂದ್ರ ಸರ್ಕಾರ ರಾಜ್ಯಕ್ಕೆ 6,38,000 ಪೌಂಡ್ ತೆತ್ತು ಅದನ್ನು ಕೊಂಡುಕೊಂಡಿತು. ಕೊಟ್ಟದ್ದು ಯಾರಿಗೆ, ಯಾವ ಉದ್ದೇಶಕ್ಕೆ, ಆ ಉದ್ದೇಶ ಮುಗಿದರೆ ಯಾರಿಗೆ ಎಂಬ ಮೂರು ಸಾಲು 1856ರಲ್ಲೇ ಬಿಗಿಯಾಗಿ ಬರೆದಿದ್ದರೆ ಇಷ್ಟು ಹಣವೂ ಇಷ್ಟು ವರ್ಷವೂ ಉಳಿಯುತ್ತಿತ್ತು.

ನಮ್ಮಲ್ಲಿ 1894ರ ಕಾಯ್ದೆಯಡಿ ಹೋದ ನೆಲ ಬಳಕೆಯಾಗದಿದ್ದರೂ ಹಳೆಯ ಮಾಲೀಕರಿಗೆ ಮರಳುವ ಹಕ್ಕಿರಲಿಲ್ಲ. 2014ರ ಜನವರಿ 1ರಿಂದ ಜಾರಿಯಾದ 2013ರ ಭೂಸ್ವಾಧೀನ ಕಾಯ್ದೆಯ 101ನೇ ಕಲಂ, ಸ್ವಾಧೀನಪಡೆದು 5 ವರ್ಷ ಬಳಸದ ನೆಲವನ್ನು ಮೂಲ ಮಾಲೀಕರಿಗೆ, ವಾರಸುದಾರರಿಗೆ ಅಥವಾ ಸರ್ಕಾರದ ಭೂಬ್ಯಾಂಕಿಗೆ ಮರಳಿಸಬೇಕೆನ್ನುತ್ತದೆ. ಆ ‘ಅಥವಾ’ವನ್ನು ಮರೆಯಬೇಡಿ.

ನೆಲೆಯ ಗೋಡೆಯ ಹೊರಗೆ ಮನೆ ಕಟ್ಟಲು ಅಡ್ಡಿ ಮಾಡಬಹುದೇ? (ಓದುಗರು, ಅಮದಳ್ಳಿ)

ಅಧಿಸೂಚನೆ ಇದ್ದರೆ ಮಾಡಬಹುದು. 1903ರ ರಕ್ಷಣಾ ಕಾಮಗಾರಿ ಕಾಯ್ದೆ ಮೂರು ಸುತ್ತು ಹಾಕುತ್ತದೆ: ಗರಿಷ್ಠ 2,000 ಗಜ, 1,000 ಗಜ, 500 ಗಜ, ಅಂದರೆ ಸುಮಾರು 1,829, 914, 457 ಮೀಟರ್. ಒಳಗೆ ಹೋದಷ್ಟೂ ನಿರ್ಬಂಧ ಬಿಗಿ. ಬಾಯಿಮಾತಿನ ‘ನೇವಿ ಬಿಡುವುದಿಲ್ಲ’ ಸಾಲದು. ನಿಮ್ಮ ಸರ್ವೆ ನಂಬರ್ ಹೆಸರಿಸಿದ ಗೆಜೆಟ್ ಅಧಿಸೂಚನೆಯ ಪ್ರತಿ ಕೇಳಿ. ನಿರ್ಬಂಧದಿಂದ ಆದ ನಷ್ಟಕ್ಕೆ ಅದೇ ಕಾಯ್ದೆಯಲ್ಲಿ ಪರಿಹಾರವೂ ಇದೆ.

ಅಜ್ಜನ ಜಮೀನು ಸೀಬರ್ಡಿಗೆ ಹೋಗಿದೆ. ಕಾಗದ ಎಲ್ಲಿಂದ ಹುಡುಕಲಿ? (ಓದುಗರು, ಚೆಂಡಿಯಾ)

ಶಂಕುಸ್ಥಾಪನೆ 1986ರ ಅಕ್ಟೋಬರ್ 24ರಂದು, ಸೀಬರ್ಡಿನ ನೆಲೆಯಾದ ಐಎನ್ಎಸ್ ಕದಂಬ ಕಾರ್ಯಾರಂಭ 2005ರ ಮೇ 31ರಂದು. ಈ ಎರಡು ದಿನಾಂಕಗಳಿಂದ ಹುಡುಕಾಟ ಶುರು ಮಾಡಬೇಡಿ. ನಿಮಗೆ ಬೇಕಾದದ್ದು ನಿಮ್ಮ ಊರಿನ 4(1) ಅಧಿಸೂಚನೆಯ (1894ರ ಕಾಯ್ದೆಯ ಪ್ರಾಥಮಿಕ ಅಧಿಸೂಚನೆ) ದಿನಾಂಕ. ಮಾರುಕಟ್ಟೆ ದರ ನಿಂತಿರುವುದು ಆ ದಿನದ ಮೇಲೆ. ಅದು ಕೈಗೆ ಬಂದ ಮೇಲೆ ಐತೀರ್ಪಿನ (ಪರಿಹಾರ ನಿಗದಿ ಮಾಡಿದ ಆದೇಶ) ದೃಢೀಕೃತ ಪ್ರತಿ ತೆಗೆಸಿ, ನಾಲ್ಕು ಬಾಬತ್ತು ಬೇರೆ ಬೇರೆ ಓದಿ: ನೆಲದ ದರ, ಮನೆ ಮತ್ತು ಮರಗಳ ಮೌಲ್ಯ, 30 ಶೇಕಡಾ ಸೊಲೇಶಿಯಂ (ಕಡ್ಡಾಯ ಸ್ವಾಧೀನಕ್ಕಾಗಿ ಸೇರಿಸುವ ಹಣ), ಅಧಿಸೂಚನೆಯಿಂದ ಐತೀರ್ಪು ಅಥವಾ ಸ್ವಾಧೀನ ಯಾವುದು ಮೊದಲೋ ಅಲ್ಲಿಯವರೆಗೆ ವರ್ಷಕ್ಕೆ 12 ಶೇಕಡಾ ಹೆಚ್ಚುವರಿ ಮೊತ್ತ. ಅಜ್ಜ ಅದೇ ಕಾಯ್ದೆಯ 18ನೇ ಕಲಂ ಪ್ರಕಾರ ಹೆಚ್ಚಿನ ಪರಿಹಾರ ಕೇಳಿ ಕೋರ್ಟಿಗೆ ಹೋಗಿದ್ದರೇ ಎಂಬುದನ್ನು ಖಚಿತ ಮಾಡಿಕೊಳ್ಳಿ. ಹೋಗದಿದ್ದವರಿಗೆ 28ಎ ಕಲಮಿನ ದಾರಿಯಿತ್ತು: ಅದೇ ಅಧಿಸೂಚನೆಯ ಬೇರೆಯವರಿಗೆ ಕೋರ್ಟು ದರ ಹೆಚ್ಚಿಸಿದ ಮೂರು ತಿಂಗಳೊಳಗೆ ಅರ್ಜಿ. ಹಾಕಿದ ಅರ್ಜಿ ಇತ್ಯರ್ಥವಾಗದೆ ಉಳಿದಿದ್ದರೆ ಅದರ ಸ್ವೀಕೃತಿಯೇ ನಿಮ್ಮ ಆಸ್ತಿ.

ಹಣ ಠೇವಣಿಯಲ್ಲೇ ಉಳಿಯಲು ಸಾಮಾನ್ಯ ಕಾರಣ ಹಿಸ್ಸಾ ಪೋಡಿ (ಪಾಲುವಾರು ಸರ್ವೆ ವಿಭಜನೆ) ಆಗದಿರುವುದು ಅಥವಾ ಗೇಣಿಯ ತಕರಾರು. ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ತಾತ್ಕಾಲಿಕ ಗೇಣಿ) ಜಮೀನಾಗಿದ್ದರೆ ಭೂನ್ಯಾಯಮಂಡಳಿಯ ಆದೇಶ ಇದೆಯೇ, ನಮೂನೆ 7 (ಗೇಣಿದಾರರ ಹಕ್ಕಿನ ಅರ್ಜಿ) ಕೊಟ್ಟವರು ಯಾರು ಎಂದು ನೋಡಿ. ಪಾಲಿನ ತಂಟೆ 30ನೇ ಕಲಂ ಅಡಿ ಸಿವಿಲ್ ಕೋರ್ಟಿಗೆ ಹೋಗಿದ್ದರೆ ಆ ದಾವಾ ನಂಬರ್ ಬೇಕು.

ಇನ್ನೂ ಹಿಂದಕ್ಕೆ ಹೋಗುವವರಿಗೆ: 1956ರ ನವೆಂಬರ್‌ಗೆ ಮೊದಲಿನ ಪ್ರಾಂತ ಮಟ್ಟದ ಕಂದಾಯ ಕಡತಗಳನ್ನು ಮುಂಬೈಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ, 1862ಕ್ಕಿಂತ ಹಿಂದಿನವನ್ನು ಚೆನ್ನೈಯಲ್ಲಿ ಹುಡುಕಬೇಕು. ವಸಾಹತು–ನೌಕಾಪಡೆ ಪತ್ರವ್ಯವಹಾರ ಲಂಡನ್ನಿನ ಕ್ಯೂ ಪತ್ರಾಗಾರದಲ್ಲಿ ಎರಡು ಸಾಲುಗಳಲ್ಲಿ ಹಂಚಿಹೋಗಿದೆ: ಗವರ್ನರ್ ಕಡೆಯದು ‘ಸಿಒ’ ಸಾಲಿನಲ್ಲಿ, ಸಿಂಗಪುರದ್ದಾದರೆ ಸಿಒ 273, ಅಡ್ಮಿರಾಲ್ಟಿ ಕಡೆಯದು ‘ಎಡಿಎಂ’ ಸಾಲಿನಲ್ಲಿ. ಒಂದೇ ಸಾಲು ಓದಿ ತೀರ್ಮಾನಕ್ಕೆ ಬಂದರೆ ಅರ್ಧ ಮಾತುಕತೆ ಮಾತ್ರ ಕೇಳಿಸಿಕೊಂಡಂತೆ. ನಕ್ಷೆಗಳನ್ನು ಎಷ್ಟೋ ಸಲ ಕಡತದಿಂದ ಬಿಡಿಸಿ ಬೇರೆ ಇಟ್ಟಿರುತ್ತಾರೆ. ಕಡತದೊಳಗೆ ‘ನಕ್ಷೆ ತೆಗೆಯಲಾಗಿದೆ’ ಎಂಬ ಚೀಟಿ ಕಂಡರೆ ಅದರ ಮೇಲಿನ ಸಂಖ್ಯೆ ಬರೆದುಕೊಂಡು ಪ್ರತ್ಯೇಕವಾಗಿ ಕೇಳಿ.